ಜೈನ್ ಸಾಂಬಾರ್ ಮತ್ತು ವಿಮಾನ ಇಲಾಖೆಯ ಸಾಹೇಬರು

ಸಾಂತಾಕ್ರೂಜ್ ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಸಿಗುವ ನಮ್ಮ ಹೋಟೆಲಿಗೆ ಆ ಫ್ರೆಂಚ್ ಸಾಹೇಬರು ಬರತೊಡಗಿ ಎರಡು ವರ್ಷವಾಗಿತ್ತು. ವಾರಕ್ಕೊಮ್ಮೆ, ವಿಮಾನ ನಿಲ್ದಾಣದ ಕಡೆ ಕೆಲಸವಿದ್ದಾಗ. ಅಡುಗೆಮನೆಯ ಕಿಂಡಿಯ ಪಕ್ಕದ ಮೇಜೇ ಆಗಬೇಕು. ಬೇರೆ ಗಿರಾಕಿಗಳು ಸೆಕೆಯೆಂದು ದೂರ ಸರಿಯುವ ಆ ಜಾಗದಲ್ಲಿ ಕೂತು, ಸಪ್ಲೈಯರ್‌ಗಳು ಆರ್ಡರ್ ಕೂಗುವುದನ್ನು ಪಾಠ ಕೇಳಿದಂತೆ ಕೇಳುತ್ತಿದ್ದರು.

ನನಗೆ ಬೇರೆಯವರ ಕೆಲಸ ತಿಳಿದುಕೊಳ್ಳುವ ಹುಚ್ಚು. ಮೂವತ್ತು ವರ್ಷ ಗಲ್ಲಾದಲ್ಲಿ ಕೂತವನಿಗೆ ಬೇರೆ ಮನರಂಜನೆ ಏನಿದೆ? ಗಿರಾಕಿ ಕೈ ತೊಳೆಯುವುದನ್ನು ನೋಡಿಯೇ ಬ್ಯಾಂಕಿನವನೋ ಗ್ಯಾರೇಜಿನವನೋ ಹೇಳಬಲ್ಲೆ. ಇವರು ಮಾತ್ರ ಪತ್ತೆಯಾಗಲಿಲ್ಲ. ಪೈಲಟ್ಟೇ ಎಂದು ಕೇಳಿದೆ, ಅಲ್ಲ. ಇಂಜಿನಿಯರೇ? ಅದೂ ಅಲ್ಲ. ತಮ್ಮ ದೇಶದ ವಿಮಾನ ಇಲಾಖೆಯ ಅಧಿಕಾರಿ, ಈಗ ಇಲ್ಲಿ ಅವರ ಸರ್ಕಾರದ ಪ್ರತಿನಿಧಿ ಅಂದರು. ಹಾಗಾದರೆ ದಿನವಿಡೀ ಮಾಡುವುದೇನು? "ಮಾತಾಡುತ್ತೇನೆ" ಎಂದು ನಕ್ಕರು. ಬರೀ ಮಾತಿಗೆ ಸಂಬಳ ಕೊಡುವ ಸರ್ಕಾರ ನಮಗೆ ಸಿಗಲಿಲ್ಲವಲ್ಲ ಅಂದುಕೊಂಡೆ.

ನನ್ನ ಗಲ್ಲಾ ಇಂಗ್ಲಿಷ್, ಅವರ ಮೂಗಿನ ಇಂಗ್ಲಿಷ್, ಎರಡೂ ಹೇಗೋ ಹೊಂದಿಕೊಂಡವು. ವಾರಕ್ಕಿಷ್ಟು ಎಂಬಂತೆ ಅವರ ಕಥೆ ನನಗೆ ಸಿಕ್ಕಿತು. ಮೊದಲು ಯಾವುದೋ ಸಣ್ಣ ಊರಿನ ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕೆಲಸ. ಆಮೇಲೆ ಅಪಘಾತಗಳ ತನಿಖೆ. ಬಿದ್ದ ವಿಮಾನದೊಳಗಿನ ಕೊನೆಯ ಮಾತುಗಳನ್ನು ಮತ್ತೆ ಮತ್ತೆ ಕೇಳುವುದಂತೆ, ಅದನ್ನು ಹೇಳುವಾಗ ದೋಸೆ ಆರಿದರೂ ಮುಟ್ಟಲಿಲ್ಲ. ಆಮೇಲೆ ನಿಯಮ ಬರೆಯುವ ಕಚೇರಿ, ಆ ನಿಯಮಗಳಿಗೆ ಒಪ್ಪಿಸಲು ದೇಶದಿಂದ ದೇಶಕ್ಕೆ ಓಡಾಟ. ಹಾಗೆ ಓಡಾಡುತ್ತಲೇ ರಾಜತಾಂತ್ರಿಕರಾದರು. ಇಷ್ಟು ಗೊತ್ತಾದರೂ ಆ ನಿಯಮಗಳಲ್ಲಿ ಏನಿರುತ್ತದೆ ಎಂಬುದು ನನ್ನ ತಲೆಗೆ ಹತ್ತಿರಲಿಲ್ಲ.

ಹತ್ತಿದ್ದು ಕಳೆದ ಮಳೆಗಾಲದ ಒಂದು ಬೆಳಿಗ್ಗೆ.

ಮುಂಬಯಿಯಲ್ಲಿ ಹೋಟೆಲ್ ಇಟ್ಟವನಿಗೆ ಜೈನ್ ಸಾಂಬಾರ್ ಮಾಡದೆ ನಡೆಯುವುದಿಲ್ಲ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ ಇಲ್ಲ. ನಮ್ಮಲ್ಲಿ ಎರಡು ಸಾಂಬಾರಿನ ಪಾತ್ರೆಗಳೂ ನೋಡಲು ಒಂದೇ. ಜೈನ್ ಪಾತ್ರೆಯ ಹಿಡಿಗೆ ಹಳದಿ ಬಟ್ಟೆಯ ಚೂರು ಕಟ್ಟುತ್ತೇವೆ. ಕಟ್ಟುವವನು ನಾನೇ, ಆ ಕೆಲಸವನ್ನು ಯಾರಿಗೂ ಬಿಟ್ಟವನಲ್ಲ.

ಪಕ್ಕದ ಬಿಲ್ಡಿಂಗಿನ ಜೈನ ಅಜ್ಜಿಯೊಬ್ಬರು ಬಸದಿಗೆ ಹೋಗಿ ಬರುತ್ತ ನಮ್ಮಲ್ಲಿ ಇಡ್ಲಿ ತಿನ್ನುತ್ತಿದ್ದರು, ಹದಿನೈದು ವರ್ಷದ ಗಿರಾಕಿ. ಅವತ್ತು ಎರಡು ಚಮಚ ಸಾಂಬಾರ್ ಕುಡಿದು, ಮೂರನೆಯದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಭೈಯಾ, ಇಸ್ಮೇ ತೋ ಕಾಂದಾ ಹೈ." ಈರುಳ್ಳಿ. ಅವರು ಕೂಗಾಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಕೂಗಾಡಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಕೂಗಾಡಿದವನು ನಾನು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಡಿಸಿದವನು ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಸಪ್ಲೈಯರ್, ಕಾರ್ಕಳದ ಕಡೆಯವನು, ಐವತ್ತು ದಾಟಿದವನು. ಹೋಟೆಲಿನ ಅಟ್ಟವೇ ಅವನ ಮನೆ.

"ಕಣ್ಣು ಎಲ್ಲಿ ಇಟ್ಟಿದ್ದಿ ನೀನು? ಸಾಕು ಇನ್ನು. ನಾಳೆಯಿಂದ ನೀನು ಬರುದು ಬೇಡ, ಗಂಟುಮೂಟೆ ಕಟ್ಟು."

ತುಂಬಿದ ಹೋಟೆಲಿನಲ್ಲಿ ಹೇಳಿದೆ. ಅವನು ಹೆಗಲ ಮೇಲಿನ ಬಟ್ಟೆ ಮಡಚಿಟ್ಟು ಅಟ್ಟ ಹತ್ತಿದ.

ಅವತ್ತೂ ಕಿಂಡಿಯ ಪಕ್ಕದ ಮೇಜಿನಲ್ಲಿದ್ದ ಸಾಹೇಬರು ಎದ್ದು ಗಲ್ಲಾದ ಹತ್ತಿರ ಬಂದರು. ಬುದ್ಧಿ ಹೇಳುತ್ತಾರೆಂದು ಮೈ ಬಿಗಿ ಮಾಡಿಕೊಂಡೆ. ಅವರು ಕೇಳಿದ್ದು, "ಆ ಹಳದಿ ಬಟ್ಟೆ ಯಾರು ಕಟ್ಟುತ್ತಾರೆ?"

"ನಾನೇ."

"ಇವತ್ತು ಕೂಡ?"

ಹೌದೆನ್ನುತ್ತ ಕಿಂಡಿಯತ್ತ ನೋಡಿದೆ. ಒಳಗೆ ಹೋಗಿ ಬಟ್ಟೆ ಕಟ್ಟಿದ ಪಾತ್ರೆಗೆ ಸೌಟು ಹಾಕಿದೆ. ಈರುಳ್ಳಿ ಮೇಲೆ ಬಂತು. ಬೆಳಿಗ್ಗೆ ನೀರಿನ ಟ್ಯಾಂಕರಿನವನ ಜೊತೆ ಫೋನಿನಲ್ಲಿ ಜಗಳಾಡುತ್ತ ಗಂಟು ಹಾಕಿದ್ದೆ.

ಸಾಹೇಬರು ನಗಲಿಲ್ಲ. ಗೋಪುರದಲ್ಲಿದ್ದಾಗ ತಾನೊಮ್ಮೆ ಎರಡು ವಿಮಾನಗಳನ್ನು ಒಂದೇ ಎತ್ತರಕ್ಕೆ ಕಳಿಸಿದ್ದೆ ಅಂದರು. ಒಬ್ಬ ಪೈಲಟ್ ತಾನಾಗಿ ಕಂಡು ಪಕ್ಕಕ್ಕೆ ತಿರುಗಿಸಿದ. ದೂರು ಕೊಟ್ಟವರಿಲ್ಲ. ಇವರೇ ತಪ್ಪನ್ನು ಬರೆದುಕೊಂಡು ಹೋಗಿ ಮೇಲಧಿಕಾರಿಯ ಮುಂದಿಟ್ಟರು, ಕೆಲಸ ಹೋಯಿತೆಂದೇ ತಿಳಿದು. ಆ ಅಧಿಕಾರಿ ಬೈಯಲಿಲ್ಲ. ಹೇಗಾಯಿತು ಎಂದು ಎಲ್ಲರೆದುರು ವಿವರಿಸಲು ಹೇಳಿ, ಮರುದಿನ ಕೆಲಸದ ಕ್ರಮವನ್ನೇ ಬದಲಿಸಿದರು.

"ಆದ ತಪ್ಪನ್ನು ಬಂದು ಹೇಳಿದವನನ್ನು ಕಳೆದುಕೊಳ್ಳಬೇಡಿ ಎಂದು ಸರ್ಕಾರಗಳನ್ನು ಒಪ್ಪಿಸುವುದು. ನನ್ನ ಕೆಲಸ ಹೆಚ್ಚುಕಡಿಮೆ ಇಷ್ಟೇ" ಎಂದು ಕೊಡೆ ತೆಗೆದುಕೊಂಡು ಹೊರಟರು.

ಮಧ್ಯಾಹ್ನದ ಗಲಾಟೆ ಶುರುವಾಗುವ ಮೊದಲು ಏಳೂ ಜನ ಕೆಲಸದವರನ್ನು ಒಳಗೆ ಕರೆದೆ. ಮೂವತ್ತು ವರ್ಷದಲ್ಲಿ ಆಡದ ಮಾತು ಆಡಿದೆ. "ಬಟ್ಟೆ ಕಟ್ಟಿದ್ದು ನಾನು. ತಪ್ಪು ನನ್ನದು. ಅಜ್ಜಿಯ ಮನೆಗೆ ನಾನೇ ಹೋಗ್ತೇನೆ." ಚೀಲ ಹಿಡಿದು ಬಾಗಿಲಲ್ಲಿ ನಿಂತವನಿಗೆ, "ಅದನ್ನು ಮೇಲೆ ಇಟ್ಟು ಬಾ" ಅಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಕುತೂಹಲ ಬಿಡಲಿಲ್ಲ.

"ಅಲ್ಲ ಮಾರಾಯ, ಬಡಿಸುವಾಗ ನಿಂಗೆ ಈರುಳ್ಳಿ ಕಾಣ್ಲಿಲ್ವಾ?"

ಅವನು ನೆಲ ನೋಡಿದ. "ಬಡಿಸುವಾಗ ಅಲ್ಲ ಧಣಿ. ನೀವು ಬಟ್ಟೆ ಕಟ್ಟುವಾಗ್ಲೇ ಕಂಡಿತ್ತು."

"ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೋದ ವರ್ಷ ಒಮ್ಮೆ ಹೀಗೇ ನಿಮ್ಮ ತಪ್ಪು ಹೇಳಿದ್ದೆ. ಆಗ ನೀವು ನನಗೆ ಎಂತ ಅಂದದ್ದು, ನೆನಪುಂಟಾ?"

ನನಗೆ ನೆನಪಿರಲಿಲ್ಲ. ತಲೆ ತಗ್ಗಿಸಿ ನಿಂತಿದ್ದ ಉಳಿದ ಆರು ಜನರಿಗೂ ನೆನಪಿತ್ತು.