ಅಜ್ಜಿ ಹೇಳಿದ ಕರಡಿಯ ಕಥೆ

ಮಗಳಿಗೆ ನೆಗಡಿಯಾದಾಗಲೆಲ್ಲ ಬಿಸಿನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ ಬಿಡುತ್ತೇನೆ. ಬೆಸೆಂಟ್ ನಗರದ ಜಿಗುಟು ಕಡಲಗಾಳಿಯಲ್ಲಿ ಆ ಘಾಟು ಏಳುತ್ತಿದ್ದಂತೆ ನಾನು ಹತ್ತು ವರ್ಷದವಳಾಗಿ, ಕೋಟಗಿರಿಯ ಕೆಳಗಿನ ಬಡಗರ ಹಟ್ಟಿಯೊಂದರಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತುಬಿಡುತ್ತೇನೆ.

ಆಗ ನಮ್ಮ ಮನೆ ಇದೇ ಊರಿನ ಅಣ್ಣಾ ನಗರದಲ್ಲಿತ್ತು. ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಮಗನ ಜೊತೆ ಬಂದಿದ್ದ ಅಜ್ಜಿಗೆ ತಮಿಳು ಒಲಿಯಲೇ ಇಲ್ಲ. "ಉಂಡ್ಯಾ ಕೂಸು?" ಎಂದು ಅವಳು ಕೇಳಿದರೆ "ಸಾಪ್ಟಾಚು ಪಾಟಿ" ಎಂದು ತಮಿಳಿನಲ್ಲೇ ಉತ್ತರಿಸಿ ನಾನು ಓಡಿಬಿಡುತ್ತಿದ್ದೆ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳ ಸ್ವಭಾವವೇ ಮೌನ ಎಂದುಕೊಂಡಿದ್ದೆ. ಒಂದು ಬೇಸಿಗೆ ರಜೆಯಲ್ಲಿ, ನರ್ಸ್ ಆಗಿದ್ದ ನನ್ನ ಅತ್ತೆ ಜೊತೆಗೆಲಸದ ರಮಣಿಯ ಊರಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ತಿರುವಿನಲ್ಲಿ ಬಸ್ಸು ನಿಂತಿತು. ಚಹಾ ಗಿಡಗಳ ನಡುವೆ ಕಾಟಿಯೊಂದು, ಬಿಳಿ ಕಾಲುಚೀಲ ತೊಟ್ಟಂತಹ ಕಾಲುಗಳಲ್ಲಿ, ನಮ್ಮನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಹಟ್ಟಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ಸಾಲಾಗಿ ನಿಂತಿದ್ದವು. ತಲೆಗೆ ಬಿಳಿ ಬಟ್ಟೆ ಕಟ್ಟಿದ್ದ ರಮಣಿಯ ತಾಯಿ ನನ್ನ ಕೆನ್ನೆ ಸವರಿ "ಕೂಸು" ಎಂದಳು. ನಾನು ಬೆರಗಾದೆ. ಅದು ನಮ್ಮ ಅಜ್ಜಿಯ ಮಾತಲ್ಲವೇ? ಆ ಮನೆಯಲ್ಲಿ ಹಾಲಿಗೆ ಹಾಲು, ಹಿಟ್ಟಿಗೆ ಹಿಟ್ಟು ಎಂದೇ ಅನ್ನುತ್ತಿದ್ದರು. ಉಳಿದದ್ದು ಅಜ್ಜಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಅವಳಿಗೆ ಅಷ್ಟೇ ಸಾಕಾಯಿತು.

ಮರುದಿನ ಬೆಳಿಗ್ಗೆ ಹಟ್ಟಿಯವರೆಲ್ಲ ಗುಡಿಯ ಮುಂದೆ ಸೇರಿದ್ದರು. ದೀಪದ ಎಣ್ಣೆಯ ಆಸೆಗೆ ಕರಡಿ ಬಂದು ಬಾಗಿಲು ಪರಚಿ ಹೋಗಿತ್ತು. ಕೆಸರಿನಲ್ಲಿ ಮೂಡಿದ್ದ ಹೆಜ್ಜೆಯ ಪಕ್ಕ ನಾನು ಪಾದ ಇಟ್ಟು ಅಳೆಯುತ್ತಿದ್ದಾಗ ಅಜ್ಜಿ ಜಗಲಿಯ ಮೇಲೆ ರಮಣಿಯ ತಾಯಿಯ ಪಕ್ಕ ಕುಳಿತು ಶುರುಮಾಡಿದಳು. "ನಮ್ಮನೆಗೂ ಒಂದ್ಸಲ ಬಂದಿತ್ತು ಕಣವ್ವ, ನಾ ಮದ್ವೆಯಾದ ಹೊಸದ್ರಲ್ಲಿ!" ತಾತ ಅಟ್ಟ ಹತ್ತಿದ್ದು, ಅಜ್ಜಿ ಒನಕೆ ಹಿಡಿದು ಬಾಗಿಲಿಗೆ ಹೋದದ್ದು, ಅಷ್ಟು ನನಗೆ ತಿಳಿಯಿತು. ಆಮೇಲೆ ಅವಳು ಎದ್ದು ನಿಂತು, ಕರಡಿಯಾಗಿ, ತಾತನಾಗಿ, ಎಷ್ಟು ಬಿರುಸಾಗಿ ಹೇಳತೊಡಗಿದಳೆಂದರೆ ನನ್ನ ಕನ್ನಡ ಹಿಂದೆ ಬಿತ್ತು. ಇಬ್ಬರು ಮುದುಕಿಯರೂ ಒಬ್ಬರ ತೋಳನ್ನೊಬ್ಬರು ಹಿಡಿದು, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಇಷ್ಟು ನಗಿಸಬಲ್ಲವಳು ನಮ್ಮ ಮನೆಯಲ್ಲೇ ಇದ್ದಳೇ ಎಂದು ನಾನು ನೋಡುತ್ತ ನಿಂತೆ.

ಮನೆಗೆ ಮರಳಿದ ದಿನವೇ ಅವಳ ಪಕ್ಕ ಕುಳಿತು ಕೇಳಿದೆ: "ಅಜ್ಜಿ, ಆಮೇಲೆ ಕರಡಿ ಏನ್ ಮಾಡ್ತು?"

ನಾನು ಅವಳನ್ನು ಕೇಳಿದ ಮೊದಲ ಇಡೀ ಕನ್ನಡ ವಾಕ್ಯ ಅದು. ಅವಳು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಿಂಗೇ ದಿನಾ ಮಾತಾಡು ಕೂಸು. ಪೂರ್ತಿ ತಿಳಿಯಂಗಾದ್ಮೇಲೆ ಹೇಳ್ತೀನಿ. ಅರ್ಧಂಬರ್ಧ ತಿಳಿದ್ರೆ ನಗು ಬರಲ್ಲ."

ದಿನಾ ಮಾತಾಡಿದೆವು. ಅಳಿಲು, ಹಲ್ಲಿ, ಮಳೆಮೋಡ, ಕಂಡದ್ದನ್ನೆಲ್ಲ ಕೇಳಿದೆ. ಮುಂದಿನ ಬೇಸಿಗೆಗೆ ಮುನ್ನ ಅಜ್ಜಿ ತೀರಿಕೊಂಡಳು. ಕರಡಿ ಬಂದಿದ್ದ ಆ ಹಳ್ಳಿಯ ಮನೆಯೂ ಈಗಿಲ್ಲ. ಅಪ್ಪನನ್ನು ಕೇಳಿದರೆ ಅಂಥದ್ದೊಂದು ಕಥೆ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹೋದ ವರ್ಷ ರಮಣಿಗೆ ಫೋನ್ ಮಾಡಿದೆ. ಅವಳ ತಾಯಿ ಆ ಕಥೆ ನೆನೆದು ಕೊನೆಗಾಲದವರೆಗೂ ಒಬ್ಬಳೇ ನಗುತ್ತಿದ್ದಳಂತೆ. ಕಥೆ ಏನೆಂದು ಯಾರೂ ಕೇಳಿರಲಿಲ್ಲ.

ಒನಕೆ ಹಿಡಿದ ಹೊಸ ಮದುವಣಗಿತ್ತಿ, ಹೊಸಿಲಾಚೆ ಕರಡಿ. ನನ್ನ ಪಾಲಿಗೆ ಇಬ್ಬರೂ ಇನ್ನೂ ಹಾಗೇ ಎದುರುಬದುರು ನಿಂತಿದ್ದಾರೆ.