ಸ್ಮಶಾನದ ರಸ್ತೆಗೆ ಬಿದ್ದ ಮತ

ನಮ್ಮೂರಿನಲ್ಲಿ ಸ್ಮಶಾನಕ್ಕೆ ರಸ್ತೆ ಬೇಕೋ ಬೇಡವೋ ಎಂದು ಫೋನಿನಲ್ಲಿ ಮತ ಕೇಳಿದರು. ಬೇಡ ಎಂದವರೇ ಹೆಚ್ಚಾದರು. ಇದಾಗಿ ಒಂದು ಮಳೆಗಾಲ ಕಳೆದಿದೆ, ಇವತ್ತಿಗೂ ನನಗೆ ಇದರ ತಲೆಬುಡ ತಿಳಿದಿಲ್ಲ. ಯಾರು ಬೇಡವೆಂದರು, ಯಾಕೆ ಎಂದರು, ನಾನು ಯಾರ ಮೇಲೆ ಸಿಟ್ಟಾಗಬೇಕು, ಒಂದೂ ಗೊತ್ತಿಲ್ಲ.

ಊರು ಕೆಂಚಾರ್ಲಹಳ್ಳಿಯ ಕಡೆ. ನಮ್ಮ ಕೇರಿಯವರ ಸ್ಮಶಾನ ಊರಾಚೆ, ಒಬ್ಬ ಯಜಮಾನರ ಹಿಪ್ಪುನೇರಳೆ ತೋಟದ ಹಿಂದೆ. ತೋಟದ ಬದುವೇ ದಾರಿ. ಅದರ ಮೇಲೆ ಒಬ್ಬರು ನಡೆಯಬಹುದು, ಹೆಣ ಹೊತ್ತ ನಾಲ್ವರು ನಡೆಯುವ ಹಾಗಿಲ್ಲ. ಅಮ್ಮ ಹೋದಾಗ ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಹೊತ್ತವರಲ್ಲಿ ಒಬ್ಬರ ಕಾಲು ಜಾರಿ ಚಟ್ಟ ವಾಲಿತು. ಅಪ್ಪ ಓಡಿಹೋಗಿ ಅಮ್ಮನ ತಲೆಗೆ ಕೈ ಕೊಟ್ಟರು. ಆಮೇಲೆ ಸ್ಮಶಾನ ಮುಟ್ಟುವವರೆಗೂ ಆ ಕೈ ತೆಗೆಯದೆ, ಬದುವಿನ ಕೆಳಗೆ ಕೆಸರಿನಲ್ಲೇ ನಡೆದು ಬಂದರು. "ನನ್ನನ್ನ ಮಾತ್ರ ಹಿಂಗೆ ಎತ್ಕೊಂಡ್ ಬರ್ಬೇಡಿ ಕಣಮ್ಮ" ಎಂದು ಅವತ್ತು ಸಂಜೆ ನನಗೆ ಹೇಳಿದರು.

ಅಪ್ಪನ ಎದೆ ಈಗ ನೆಟ್ಟಗಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಆ ರಸ್ತೆಗಾಗಿ ನಾನು ಚಿಂತಾಮಣಿ, ಚಿಕ್ಕಬಳ್ಳಾಪುರದ ಕಚೇರಿಗಳಿಗೆ ಚಪ್ಪಲಿ ಸವೆಯುವಷ್ಟು ಅಲೆದೆ. ರೇಷ್ಮೆಹುಳ ಬಿಟ್ಟು ಬರೋಕಾಗಲ್ಲ ಎಂದು ಅಪ್ಪ ಮನೆಯಲ್ಲೇ ಉಳಿಯುತ್ತಿದ್ದರು.

ಹೀಗಿರುವಾಗ ಪಂಚಾಯ್ತಿಯಿಂದ ಎಲ್ಲರ ಫೋನಿಗೂ ಒಂದು ಲಿಂಕ್ ಬಂತು. ಊರಿನ ಕೆಲಸಗಳನ್ನು ಇನ್ನು ಮುಂದೆ ಜನರೇ ತೀರ್ಮಾನಿಸುತ್ತಾರಂತೆ. ಮೊದಲ ಪ್ರಶ್ನೆಯೇ ನಮ್ಮದು: ಸ್ಮಶಾನಕ್ಕೆ ರಸ್ತೆ ಮಾಡಲು ನಿಮ್ಮ ಒಪ್ಪಿಗೆ ಇದೆಯೇ? ಕೆಳಗೆ ಎರಡು ಬಟನ್, 'ಇದೆ' ಹಸಿರು, 'ಇಲ್ಲ' ಕೆಂಪು. ಯಾರು ಯಾವುದನ್ನು ಒತ್ತಿದರೆಂದು ಯಾರಿಗೂ ಕಾಣುವುದಿಲ್ಲ. ಅಲ್ಲಾ, ಹೆಣ ಹೊರುವ ದಾರಿಗೆ ಊರಿನವರ ಒಪ್ಪಿಗೆ ಯಾಕೆ? ಮೇಲಿನ ಬೀದಿಗೆ ಚರಂಡಿ ಮಾಡುವಾಗ ನಮ್ಮನ್ನು ಕೇಳಿದ್ದರೇ? ಮೈಯೆಲ್ಲ ಉರಿಯಿತು. ಆದರೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಗ್ರಾಮಸಭೆಯಲ್ಲಿ ನಮ್ಮ ಕೇರಿಯವರು ಹಿಂದೆ ನಿಂತು, ಹಿಂದಿನಿಂದಲೇ ಹೊರಟುಬರುವುದಾಗಿತ್ತು. ಫೋನಿನಲ್ಲಿ ಮುಂದೆ ಹಿಂದೆ ಎಂಬುದಿಲ್ಲವಲ್ಲ ಅನ್ನಿಸಿತು.

ನಾನು ಗೌರಿಬಿದನೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಭಾನುವಾರ ಊರಿಗೆ ಬಂದು ಮನೆಮನೆಗೆ ಹೋಗಿ ಹೇಳಿಕೊಟ್ಟೆ. ನಮ್ಮೂರಲ್ಲಿ ರೇಷ್ಮೆಹುಳ ಸಾಕದ ಮನೆಯಿಲ್ಲ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾರೆ. ಅಲ್ಲಿ ಹರಾಜು ಈಗ ಫೋನಿನಲ್ಲೇ ನಡೆಯುತ್ತದೆ: ಕೊಳ್ಳುವವರು ಕೂಗಿದ ಬೆಲೆ ರೈತನಿಗೆ ತಿಳಿಯುತ್ತದೆ, ಅವನು ಹೌದು ಎನ್ನಬಹುದು, ಇಲ್ಲ ಎನ್ನಬಹುದು. "ಅದೇ ಥರ ಇದೂನೂ" ಎಂದೆ. ಎಲ್ಲರೂ "ಓ, ಗೂಡಿನ್ ಥರಾನಾ, ಸರಿ ಬಿಡಮ್ಮ" ಎಂದು ತಲೆಯಾಡಿಸಿದರು. ಎಷ್ಟು ಸಲೀಸಾಗಿ ಅರ್ಥ ಮಾಡಿಸಿಬಿಟ್ಟೆ ಎಂದು ಒಳಗೊಳಗೇ ಬೀಗಿದೆ.

ಫಲಿತಾಂಶ ಬಂದರೆ ಕೆಂಪೇ ಗೆದ್ದಿತ್ತು. ರಸ್ತೆ ಬಿಟ್ಟು ಪಂಚಾಯ್ತಿಯ ಮುಂದಿನ ಅಂಗಳಕ್ಕೆ ಕಲ್ಲು ಹಾಸಿದರು. ಅಧಿಕಾರಿಯನ್ನು ಕೇಳಿದಾಗ "ಜನಾನೇ ಬೇಡ ಅಂದಿದಾರಲ್ಲ ಮೇಡಂ, ನಾವೇನ್ ಮಾಡಣ" ಎಂದರು.

ಕೇರಿಯಲ್ಲಿ ಕೇಳುತ್ತ ಹೋದೆ. ಪಕ್ಕದ ಮನೆಯ ಅಜ್ಜಿ ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ಮೊದಲ್ನೇ ಸುತ್ತಿಗೇ ಯಾರಾದ್ರೂ ಒಪ್ಕೊಂತಾರೇನಮ್ಮ? ಇಲ್ಲ ಅಂದ್ರೆ ತಾನೆ ಎರಡ್ನೇ ಸುತ್ತಿಗೆ ಬೆಲೆ ಏರೋದು. ಮಣ್ಣಿನ ರೋಡ್ ಬೇಡ ಅಂದ್ರೆ ಕಾಂಕ್ರೀಟ್ ಕೊಡ್ತಾರೆ ಅಂದ್ಕೊಂಡೆ." ನಾನು ಕಣ್ಣು ಕಣ್ಣು ಬಿಟ್ಟೆ. ಹೌದಲ್ಲ, ಹರಾಜಿನಲ್ಲಿ ಮೊದಲ ಬೆಲೆಗೇ ಒಪ್ಪಿದವರನ್ನು ನಮ್ಮೂರವರು ಪೆದ್ದರೆಂದು ಆಡಿಕೊಳ್ಳುತ್ತಾರೆ. ಇಲ್ಲ ಎಂದು ಒತ್ತಿ, ಟೀ ಕುಡಿದು ಬಂದು, ಮುಂದಿನ ಸುತ್ತಿಗೆ ಕಾಯುತ್ತಾರೆ. ಗೂಡಿನ ಥರ ಎಂದು ಹೇಳಿಕೊಟ್ಟವಳು ನಾನೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಮೇಲಿನ ಬೀದಿಯವರೂ ಇದೇ ರಾಗ ಎಳೆದಾಗ ಅನುಮಾನ ಹತ್ತಿತು. ಅವರ ಸ್ಮಶಾನಕ್ಕೆ ಟಾರು ರಸ್ತೆಯೇ ಇದೆ. ನಿಜವಾಗಿಯೂ ಎರಡನೇ ಸುತ್ತಿಗೆ ಕಾದರೋ, ಬೇಕೆಂದೇ ಕೆಂಪು ಒತ್ತಿ ನಮ್ಮ ಅಜ್ಜಿಯ ಮಾತನ್ನು ನೆಪ ಮಾಡಿಕೊಂಡರೋ? ಗ್ರಾಮಸಭೆಯಲ್ಲಾಗಿದ್ದರೆ ಬೇಡ ಎಂದವರ ಮುಖವಾದರೂ ಕಾಣುತ್ತಿತ್ತು. ಇಲ್ಲಿ ಯಾರನ್ನು ನೋಡಿದರೂ ಇವರೇ ಇರಬಹುದು, ಇಲ್ಲದೆಯೂ ಇರಬಹುದು. ನನ್ನ ತಲೆ ಕೆಟ್ಟುಹೋಯಿತು.

ಸಿಟ್ಟು ತಡೆಯದೆ ತೋಟದ ಯಜಮಾನರ ಮನೆಗೇ ಹೋದೆ. ರಸ್ತೆಯಾದರೆ ತೋಟದ ಅಂಚು ಕಳೆದುಕೊಳ್ಳುವವರು ಅವರೇ. "ಏಮಮ್ಮಾ, ನಾನು ಇದೆ ಅಂತ್ಲೇ ಒತ್ತಿದ್ದು" ಎಂದರು. "ಒಂದು ಸಾಲು ಗಿಡ ಹೋದ್ರೆ ಹೋಗ್ಲಿ. ನಿಮ್ಮಮ್ಮನ್ನ ಎತ್ಕೊಂಡೋಗಿದ್ದು ನಾನೂ ನೋಡಿದೀನಿ."

"ನನ್ನ ಕಿವಿ ಮೇಲೆ ಹೂ ಇಡಬೇಡಿ" ಎಂದುಬಿಟ್ಟೆ. ಅವರು ಎದ್ದು ಒಳಗೆ ಹೋದರು.

ಮನೆಗೆ ಬಂದಾಗ ಅಪ್ಪ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಪ್ಪ ತಲೆ ಎತ್ತದೆ, "ಅವರು ಹೇಳಿದ್ದು ನಿಜಾನೂ ಇರ್ಬಹುದಮ್ಮ" ಎಂದರು.

"ನೀನು ಹಸಿರು ತಾನೆ ಒತ್ತಿದ್ದು?"

"ಇಲ್ಲ ಅಂತ ಒತ್ತಿದೆ."

"ನೀನೂ ಎರಡನೇ ಸುತ್ತಿಗೆ ಕಾದೇನಪ್ಪ?"

"ಅಷ್ಟೂ ತಿಳಿಯಲ್ವ ನಂಗೆ. ಸುಡುಗಾಡಿಗೆ ಎಲ್ಲಿ ಹರಾಜು" ಎಂದು ಇನ್ನಷ್ಟು ಸೊಪ್ಪು ಹರಡುತ್ತ ಹೇಳಿದರು. "ಆವಾಗ ಹುಳ ನಾಲ್ಕ್ನೇ ಸಲ ಪೊರೆ ಬಿಟ್ಟು ಜ್ವರ ಎದ್ದು ಬಕಬಕ ಅಂತ ತಿಂತಿತ್ತು. ನಮಗೆ ಸೊಪ್ಪು ಬರೋದು ಅವರ ತೋಟದಿಂದ್ಲೇ. ಕೊಡಲ್ಲ ಅಂದ್ರೆ ಬೆಳೆಯೆಲ್ಲ ಹೋಗೋದು. ನೀನು ರಸ್ತೆ ರಸ್ತೆ ಅಂತ ಓಡಾಡ್ದೆ, ಓದಿದ ಹುಡುಗಿ ಅಂತ ಬಿಟ್ರು. ನಾನೂ ಹಸಿರು ಒತ್ತಿದ್ರೆ ಇಡೀ ಮನೆ ಅವರಿಗೆ ಎದುರು ನಿಂತಂಗಾಗ್ತಿತ್ತು."

"ಯಾರು ಒತ್ತಿದ್ದು ಅಂತ ಯಾರಿಗೂ ಕಾಣಲ್ಲ ಅಂತ ಹೇಳಿದ್ದೆನಲ್ಲಪ್ಪ."

"ನೀನು ಹೇಳ್ದೆ. ಆದ್ರೆ ಒತ್ತೋಕೆ ಮೊದ್ಲು ಅದು ನನ್ ಫೋನ್ ನಂಬರ್ ಕೇಳ್ತು."

ಯಜಮಾನರು ಹಸಿರು ಒತ್ತಿದ್ದು ನಿಜವಾದರೆ, ಜಾಗ ಕೊಡಲು ಒಪ್ಪಿದವರಿಗೇ ಹೆದರಿ ಅಪ್ಪ ಬೇಡ ಎಂದಿದ್ದರು. ಸುಳ್ಳಾದರೆ ಅಪ್ಪ ಹೆದರಿದ್ದೇ ಸರಿ. ಯಾವುದೆಂದು ಯಾರನ್ನು ಕೇಳಲಿ? "ಮತ್ತೆ ಆ ಬದುವಿನ ಮೇಲೆ ನಿನ್ನ ಗತಿ ಏನಪ್ಪ" ಎಂದೆ. ಅಪ್ಪ ಸೊಪ್ಪಿನ ಮೇಲಿದ್ದ ನೀರನ್ನು ಕೊಡವಿದರು.

"ಮಳೆ ಇಲ್ಲದ ತಿಂಗಳು ನೋಡ್ಕೊಂಡು ಹೋಗ್ತೀನಿ ಬಿಡಮ್ಮ" ಎಂದರು.