ಮೂರು ಚುಕ್ಕಿಯ ಹಿಂದೆ ಉಳಿದ ಪದ

ಕೋವಿಡ್ ಕಳೆದು ಪೇಟೆ ಮತ್ತೆ ಚೇತರಿಸಿಕೊಳ್ಳುತ್ತಿದ್ದ ವರ್ಷ ಅದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಸಣ್ಣ ಕಚೇರಿಯಿತ್ತು. ಅಂಗಡಿ, ಕ್ಲಿನಿಕ್‌ಗಳ ವೆಬ್‌ಸೈಟಿಗೆ ಟೈಟಲ್ ಮತ್ತು ಡಿಸ್ಕ್ರಿಪ್ಷನ್ ಬರೆಯುವುದು ನನ್ನ ಕೆಲಸ. ಮೊಬೈಲಿನಲ್ಲಿ ಏನಾದರೂ ಹುಡುಕಿದಾಗ ನೀಲಿ ಅಕ್ಷರದಲ್ಲಿ ಕಾಣುವ ಸಾಲು ಟೈಟಲ್. ಅದರ ಕೆಳಗಿನ ಪುಟ್ಟ ಪರಿಚಯ ಡಿಸ್ಕ್ರಿಪ್ಷನ್. ಅವನ್ನು ಓದಿ ಜನ ಬೆರಳು ಒತ್ತಿದರೆ ಒಂದು ಕ್ಲಿಕ್. ಎಷ್ಟು ಕ್ಲಿಕ್ ತಂದುಕೊಟ್ಟೆ ಎಂಬುದರ ಮೇಲೆಯೇ ನನ್ನ ಹೆಸರು ನಿಂತಿತ್ತು.

ನನಗೆ ಕೆಲಸ ಕೊಟ್ಟವರಲ್ಲೊಬ್ಬರಾದ ಭದ್ರಾವತಿ ಹಳೇನಗರದ ರಹೀಂ ಸಾಹೇಬರು ಕೃತಕ ಕಾಲು ತಯಾರಿಸುವವರು. ಅವರ ಪುಟದ ಟೈಟಲ್ ಜಾಗದಲ್ಲಿ ‘ಹೋಮ್’ ಎಂದಷ್ಟೇ ಇತ್ತು. ಯಾರು ಹುಡುಕಿದರೂ ಸಿಗುತ್ತಿರಲಿಲ್ಲ. ಹೊಸ ಕಾಲಿಗೆ ಅಳತೆ, ಅಚ್ಚು, ನಡಿಗೆಯ ಅಭ್ಯಾಸ ಎಂದು ವಾರಗಳೇ ಹಿಡಿಯುತ್ತವೆ. ಆದರೆ ಬೆಲ್ಟ್ ಹರಿದದ್ದನ್ನೋ ಪಾದ ಸವೆದದ್ದನ್ನೋ ಅವರು ಅದೇ ದಿನ ಸರಿಮಾಡಿ ಕಳಿಸುತ್ತಿದ್ದರು. ಅದನ್ನೇ ಹಿಡಿದು ಬರೆದೆ: ‘ಭದ್ರಾವತಿ ಹಳೇನಗರದಲ್ಲಿ ನುರಿತ ಕೈಗಳಿಂದ ಒಂದೇ ದಿನದಲ್ಲಿ ಕೃತಕ ಕಾಲು ರಿಪೇರಿ’.

ಸಾಲು ಉದ್ದವಾಯಿತು. ಮೊಬೈಲಿನಲ್ಲಿ ಜಾಗ ಸಾಲದೆ ‘ಒಂದೇ ದಿನದಲ್ಲಿ ಕೃತಕ ಕಾಲು’ ಎಂಬಲ್ಲಿಗೆ ತುಂಡಾಗಿ ಮೂರು ಚುಕ್ಕಿ ಬಿತ್ತು. ‘ರಿಪೇರಿ’ ಕಾಣಲಿಲ್ಲ. ಅದು ನನ್ನ ಕಣ್ಣಿಗೆ ಬೀಳದೇ ಇರಲಿಲ್ಲ. ಆದರೆ ಕ್ಲಿಕ್‌ಗಳು ಏರುತ್ತಿದ್ದವು. ಪುಟ ತೆರೆದರೆ ವಿವರ ಇದ್ದೇ ಇದೆಯಲ್ಲ ಎಂದುಕೊಂಡು ಸುಮ್ಮನಾದೆ.

ಒಂದು ಬೆಳಿಗ್ಗೆ ರಹೀಂ ಸಾಹೇಬರ ಫೋನ್ ಬಂತು. “ಮೇಡಂ, ಸ್ವಲ್ಪ ಇಲ್ಲಿಗೆ ಬರ್ತೀರಾ? ಒಬ್ರು ಬಂದು ಕೂತಿದಾರೆ. ಅವರಿಗೆ ಉತ್ತರ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ.”

ನಾನು ಭದ್ರಾವತಿಗೆ ಹೋದಾಗ ಅವರ ಅಂಗಡಿಯ ಬೆಂಚಿನ ಮೇಲೆ ಗಿರಿಜಮ್ಮ ಕೂತಿದ್ದರು. ಶಿಕಾರಿಪುರದ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಸಕ್ಕರೆ ಕಾಯಿಲೆಯಿಂದ ಮೊಣಕಾಲ ಕೆಳಗೆ ಕಾಲು ತೆಗೆದು ಎರಡು ತಿಂಗಳೂ ಆಗಿರಲಿಲ್ಲ. ಗಾಯ ಒಂದು ಕಡೆ ಇನ್ನೂ ಹಸಿಯಾಗಿತ್ತು. ತಂಗಿಯ ಹೆಗಲು ಹಿಡಿದು ಎರಡು ಬಸ್ಸು ಬದಲಿಸಿ ಬಂದಿದ್ದರು.

“ನಾಳೆಯಿಂದ ನಿಂತ್ಕೊಂಡೇ ಅಡುಗೆ ಮಾಡ್ತೀನಿ ಅಂತ ಹೆಡ್ಮಿಸ್ಸಿಗೆ ಹೇಳಿ ಬಂದಿದೀನಮ್ಮ,” ಎಂದು ಫೋನ್ ನನ್ನತ್ತ ಚಾಚಿದರು. “ನೋಡಿ, ಒಂದೇ ದಿನ ಅಂತ ಹಾಕಿದಾರೆ.”

ನನ್ನದೇ ಸಾಲು. ಪುಟ ತೆರೆದು ಓದುವ ಗೋಜಿಗೆ ಅವರು ಹೋಗಿರಲಿಲ್ಲ. ಊರಿನ ಹೆಸರು ಸಿಕ್ಕಿತ್ತು, ಹೊರಟಿದ್ದರು.

“ಅದನ್ನ ಬರೆದವಳು ನಾನೇ. ಅದು ರಿಪೇರಿಗೆ. ಹೊಸ ಕಾಲು ಒಂದು ದಿನಕ್ಕೆ ಆಗಲ್ಲ. ತಪ್ಪು ನಂದು,” ಎಂದೆ.

ಗಿರಿಜಮ್ಮ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ರಹೀಂ ಸಾಹೇಬರು ನೆಲದಲ್ಲಿ ಕೂತು, ಬಾವು ಇಳಿಯಲು ಬ್ಯಾಂಡೇಜ್ ಸುತ್ತುವ ಬಗೆಯನ್ನು ತಂಗಿಗೆ ಕಲಿಸಿದರು. ಗಾಯವನ್ನು ಮೊದಲು ಡಾಕ್ಟರಿಗೆ ತೋರಿಸಲು ಹೇಳಿದರು. ನಾನು ಅಲ್ಲಿಂದಲೇ ಹೆಡ್ಮಿಸ್ಸಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದೆ. ಗಿರಿಜಮ್ಮ ಬರುವವರೆಗೆ ಅಡುಗೆಗೆ ತಂಗಿ ನಿಲ್ಲಲಿ ಎಂದು ಅವರು ಒಪ್ಪಿದರು.

ಅಂದೇ ಟೈಟಲ್ ಬದಲಿಸಿದೆ: ‘ಕೃತಕ ಕಾಲು: ರಿಪೇರಿ ಒಂದು ದಿನ, ಹೊಸದಕ್ಕೆ ವಾರಗಳು’. ಡಿಸ್ಕ್ರಿಪ್ಷನ್‌ನಲ್ಲಿ, ‘ಗಾಯ ಪೂರ್ತಿ ಒಣಗುವ ಮುನ್ನ ಬರಬೇಡಿ. ಮೊದಲು ಫೋನ್ ಮಾಡಿ’ ಎಂದು ಸೇರಿಸಿದೆ. ಕ್ಲಿಕ್‌ಗಳು ಇಳಿದವು. ರಹೀಂ ಸಾಹೇಬರು ಮಾತ್ರ, “ಈಗ ಬರೋರೆಲ್ಲ ನಿಜವಾಗ್ಲೂ ನನ್ನ ಹತ್ರ ಕೆಲಸ ಇರೋರೇ, ಮೇಡಂ,” ಎಂದರು.

ಕೆಲವು ತಿಂಗಳ ಮೇಲೆ, ಗಾಯ ಮಾಗಿ ಡಾಕ್ಟರು ಒಪ್ಪಿದ ನಂತರ, ಗಿರಿಜಮ್ಮ ಮತ್ತೆ ಅಲ್ಲಿಗೇ ಬಂದರು. ಕಂಬಿ ಹಿಡಿದು ಹೊಸ ಕಾಲಿನ ಮೇಲೆ ಭಾರ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದ ದಿನ ನಾನೂ ಇದ್ದೆ. ಬೇರೆ ಕಡೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

“ಎಲ್ರೂ ಬನ್ನಿ ಬನ್ನಿ ಅಂತಾರೆ. ನೀವು ಮಾತ್ರ ಗಾಯ ಒಣಗೋ ಮುಂಚೆ ಬರಬೇಡಿ ಅಂತ ಹಾಕಿದ್ರಲ್ಲ, ಅದಕ್ಕೇ ನಂಬಿಕೆ ಬಂತು,” ಎಂದರು ಕಂಬಿ ಬಿಡದೆ.

ನಾನು ಬರೆಯುವ ಒಂದು ಸಾಲನ್ನು ಓದಿ ಯಾರೋ ಬಸ್ಸು ಹತ್ತುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಅವರು ಬಂದಿಳಿದಾಗ ಆ ಸಾಲು ನಿಜವಾಗಿರಬೇಕು.